ಮುಸ್ತಫಾ ಗೇಮಿನ ಸದ್ದು ಹುಡುಕುತ್ತ: ನಮ್ಮನೆ ಆರ್ಕೇಡ್ ಪೆಟ್ಟಿಗೆಗೆ ಸ್ಪೀಕರ್

ತೂತು ಮೊದಲೇ ಕೊರೆದುಬಿಟ್ಟಿದ್ದೆ. ಎಡವಟ್ಟು ಶುರುವಾಗಿದ್ದು ಅಲ್ಲಿಂದಲೇ.

ಮನೆಯಲ್ಲೇ ಒಂದು ಆರ್ಕೇಡ್ ಪೆಟ್ಟಿಗೆ ಮಾಡಬೇಕು ಅನ್ನುವ ಹುಚ್ಚು ಹಿಡಿದು ಮೂರು ತಿಂಗಳಾಗಿತ್ತು. ನಿಂತು ವಿಡಿಯೋ ಗೇಮ್ ಆಡುವಂಥದ್ದು. ಎರಡು ಜಾಯ್‌ಸ್ಟಿಕ್, ಹಣೆಯ ಮೇಲೆ ದೀಪ ಹಾಕಿದ ಹೆಸರಿನ ಬೋರ್ಡು. 18 ಮಿ.ಮೀ. ಪ್ಲೈವುಡ್ ತಂದು ನಮ್ಮ ಬೀದಿಯ ಬಡಗಿಯವರ ಹತ್ತಿರ ಪಕ್ಕದ ಹಲಗೆಗಳನ್ನು ಕೊಯ್ಸಿದ್ದೆ. ಒಳಗೆ ಹಳೆಯ 22 ಇಂಚಿನ ಎಲ್‌ಸಿಡಿ ಮಾನಿಟರ್, ರಾಸ್ಪ್‌ಬೆರಿ ಪೈ 4 ಅನ್ನುವ ಒಂದು ಪುಟ್ಟ ಕಂಪ್ಯೂಟರ್, ಅದರಲ್ಲಿ ಹಳೆಯ ಆಟ ಆಡಿಸುವ ರೆಟ್ರೋಪೈ ಸಾಫ್ಟ್‌ವೇರ್. ಬಟನ್, ವೈರಿಂಗ್ ಎಲ್ಲ ಮುಗಿದಿತ್ತು. ಸ್ಪೀಕರ್ ಕೂರಿಸುವುದು ಒಂದು ಭಾನುವಾರದ ಅರ್ಧ ದಿನದ ಕೆಲಸ ಅಂದುಕೊಂಡಿದ್ದೆ. ಆರು ವಾರ ಹಿಡಿಯಿತು.

ಸ್ಪೀಕರ್ ಇರುವ ಜಾಗ ಹೀಗಿದೆ. ಹಣೆಯ ಬೋರ್ಡಿನ ಕೆಳಗೆ, ಮಾನಿಟರ್‌ಗಿಂತ ಮೇಲೆ, ಸ್ವಲ್ಪ ಓರೆಯಾಗಿ ಕೆಳಗೆ ನೋಡುವ ಒಂದು ಹಲಗೆ. ಉದ್ದ 58 ಸೆಂ.ಮೀ., ಅಗಲ 15 ಸೆಂ.ಮೀ. ಆಡುವವನ ತಲೆಯ ಮೇಲಿಂದ ಸದ್ದು ಬರಬೇಕು. ಹಳೆಯ ಪೆಟ್ಟಿಗೆಗಳಲ್ಲೂ ಸ್ಪೀಕರ್ ಸಾಮಾನ್ಯವಾಗಿ ಅಲ್ಲೇ ಇರುತ್ತಿತ್ತು. ಕಾಲಿನ ಹತ್ತಿರ ಹಾಕಿದರೆ ಸದ್ದು ಆಡುವವನ ಹೊಟ್ಟೆಗೆ ಬಡಿದು ನಿಲ್ಲುತ್ತದೆ. ಕಂಟ್ರೋಲ್ ಪ್ಯಾನೆಲ್ ಮೇಲೆ ಹಾಕಿದರೆ ಕೈ ಅಡ್ಡ ಬರುತ್ತದೆ, ಕಾಫಿ ಚೆಲ್ಲುವ ಭಯ ಬೇರೆ.

ಮನೆಯಲ್ಲಿ ಕಂಪ್ಯೂಟರಿನ ಹಳೆಯ ಸ್ಪೀಕರ್ ಜೋಡಿ ಒಂದಿತ್ತು. ಬಿಚ್ಚಿ ನೋಡಿದೆ. ಒಳಗೆ ಮೂರಿಂಚಿನ ಪುಟ್ಟ ಸ್ಪೀಕರ್. ಖರ್ಚಿಲ್ಲದೆ ಮುಗಿಯಿತು ಅಂದುಕೊಂಡು ಹಲಗೆಗೆ ಮೂರಿಂಚಿನ ಎರಡು ತೂತು ಕೊರೆದೆ, ಅದೂ ಮುಂದಿನ ಅಂಚಿಗೆ ತೀರಾ ಹತ್ತಿರ. ಪ್ಲಾಸ್ಟಿಕ್ ಡಬ್ಬಿ ಬಿಸಾಕಿ, ಬರೀ ಸ್ಪೀಕರ್‌ಗಳನ್ನು ಹಲಗೆಗೆ ಸ್ಕ್ರೂ ಹಾಕಿ ಬಿಗಿದೆ. ಸ್ಟ್ರೀಟ್ ಫೈಟರ್ 2 ಹಾಕಿದೆ.

ಅಬ್ಬಾ, ಎಂಥಾ ಸದ್ದು! ಪಕ್ಕದ ಮನೆಯಲ್ಲಿ ಯಾರೋ ಫೋನ್ ಸ್ಪೀಕರಿನಲ್ಲಿ ಆಡುತ್ತಿದ್ದಾರೆ ಅನ್ನುವ ಹಾಗಿತ್ತು. ಇದೇ ಸ್ಪೀಕರ್ ಮೇಜಿನ ಮೇಲಿದ್ದಾಗ ಪರವಾಗಿಲ್ಲ ಅನ್ನಿಸುತ್ತಿತ್ತು, ಅಲ್ವಾ? ಹಾಗಾದರೆ ಈಗ ಏನಾಯಿತು?

ಆಗಿದ್ದು ಇಷ್ಟು. ಅಷ್ಟು ಚಿಕ್ಕ ಸ್ಪೀಕರನ್ನು ಆ ಡಬ್ಬಿಯ ಜೊತೆಗೇ ಲೆಕ್ಕ ಹಾಕಿ ಮಾಡಿರುತ್ತಾರೆ. ಕೋನ್, ಅಂದರೆ ಸ್ಪೀಕರಿನ ಅಲ್ಲಾಡುವ ಬಟ್ಟಲಿನಂಥ ಭಾಗ, ಮುಂದೆ ಬಂದಾಗ ಮುಂದಿನ ಗಾಳಿಯನ್ನು ಒತ್ತುತ್ತದೆ, ಅದೇ ಹೊತ್ತಿಗೆ ಹಿಂದಿನ ಗಾಳಿ ಸಡಿಲವಾಗುತ್ತದೆ. ಮುಂದಿನ ಅಲೆ, ಹಿಂದಿನ ಅಲೆ ಎರಡೂ ಸೇರಿದರೆ ಒಂದನ್ನೊಂದು ತಿಂದುಹಾಕುತ್ತವೆ. ಮೊದಲು ಸಾಯುವುದು ದಪ್ಪ ಸ್ವರ, ಅಂದರೆ ಬೇಸ್. ಡಬ್ಬಿಯ ಕೆಲಸ ಹಿಂದಿನ ಅಲೆಯನ್ನು ಕೂಡಿಹಾಕುವುದು. ನನ್ನ ಹಲಗೆಯೋ 15 ಸೆಂ.ಮೀ. ಅಗಲ, ಆಗಿನ್ನೂ ಸುತ್ತಲೂ ಸಂದು. ಅಲೆ ಆರಾಮಾಗಿ ಸುತ್ತಿ ಮುಂದೆ ಬರುತ್ತಿತ್ತು. ಅದು ಸಾಲದು ಅಂತ, ಡಬ್ಬಿಯ ಬಿಗಿ ಗಾಳಿಯನ್ನು ನಂಬಿದ್ದ ಕೋನ್ ಈಗ ಹಿಡಿತವಿಲ್ಲದೆ ಜಾಸ್ತಿ ಕುಣಿಯುತ್ತಿತ್ತು. ಸ್ವಲ್ಪ ಜೋರು ಮಾಡಿದರೆ ಪಟಪಟ ಅನ್ನುತ್ತಿತ್ತು.

ಡಸ್ಟ್‌ಬಿನ್ನಿನಿಂದ ಡಬ್ಬಿ ಎತ್ತಿ ತಂದು, ಸ್ಪೀಕರ್ ಮತ್ತೆ ಅದರೊಳಗೆ ಕೂರಿಸಿ, ಡಬ್ಬಿಯನ್ನೇ ಹಲಗೆಯ ಹಿಂದೆ ಅಂಟಿಸಿ ನೋಡಿದೆ. ಎಷ್ಟೋ ಸುಧಾರಿಸಿತು. ದುಡ್ಡು ಖರ್ಚು ಮಾಡಲು ಮನಸ್ಸಿಲ್ಲದವರು ಇಷ್ಟಕ್ಕೇ ನಿಲ್ಲಿಸಬಹುದು. ತಪ್ಪೇನಿಲ್ಲ. ಆದರೆ ಡಬ್ಬಿಯಿಂದ ಮಾತ್ರ ತೆಗೆಯಬೇಡಿ.

ನಾನು ನಿಲ್ಲಿಸಲಿಲ್ಲ. ಯಾಕೆಂದರೆ ನನ್ನ ತಲೆಯಲ್ಲಿ ಒಂದು ಸದ್ದಿತ್ತು. ಅರಸೀಕೆರೆಯಲ್ಲಿ ನಮ್ಮ ಬಾಲ್ಯದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಮೂರು ಪೆಟ್ಟಿಗೆ, ಒಂದು ರೂಪಾಯಿಗೆ ಒಂದು ಆಟ. ಅದರಲ್ಲಿ ಒಂದು ‘ಮುಸ್ತಫಾ’. ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಕ್ಯಾಪ್ಕಾಮ್ ಕಂಪನಿಯದು, 1993ರದು. ಆದರೆ ಹಳದಿ ಟೋಪಿ ಹಾಕಿಕೊಂಡು ಓಡಿ ಬಂದು ಒದೆಯುವ ಮುಸ್ತಫಾ ಎಷ್ಟು ಇಷ್ಟವೋ, ಆಟಕ್ಕೇ ಅವನ ಹೆಸರು. ಆ ಪೆಟ್ಟಿಗೆಯ ಸದ್ದು ಬೀದಿಗೆ ಕೇಳುತ್ತಿತ್ತು. ಸ್ವಲ್ಪ ಒರಟು, ಸ್ವಲ್ಪ ಮೂಗಿನಿಂದ ಬಂದ ಹಾಗೆ, ಆದರೆ ಗಟ್ಟಿ. ನನಗೆ ಅದು ಬೇಕಿತ್ತು.

ಮಾವನಿಗೆ ಫೋನ್ ಮಾಡಿದೆ. ನನ್ನ ಸೋದರಮಾವ ಅರಸೀಕೆರೆಯಲ್ಲಿ ರೇಡಿಯೋ, ಟಿವಿ ರಿಪೇರಿ ಅಂಗಡಿ ಇಟ್ಟಿದ್ದವರು. 4440 ಐಸಿ ಹಾಕಿ ಆಂಪ್ಲಿಫೈಯರ್ ಕಟ್ಟಿಕೊಡುತ್ತಿದ್ದರು. ಊರಿನ ಅರ್ಧ ಗಣಪತಿ ಪೆಂಡಾಲುಗಳಲ್ಲಿ ಅವರ ಕೈಯ ಪೆಟ್ಟಿಗೆಯೇ ಹಾಡುತ್ತಿತ್ತು.

“ಮಾವ, ಆ ಬಸ್ ಸ್ಟ್ಯಾಂಡ್ ಅಂಗಡಿಯ ಮುಸ್ತಫಾ ಪೆಟ್ಟಿಗೆ ನೆನಪಿದೆಯಾ ನಿಮಗೆ? ಅದರ ಸದ್ದು ಹ್ಯಾಗೆ ಬರಿಸೋದು?”

ಮಾವ ನಕ್ಕರು. “ಅದರ ಸ್ಪೀಕರ್ ಬಂದ ಎರಡೇ ತಿಂಗಳಿಗೆ ಸುಟ್ಟುಹೋಗಿತ್ತು ಕಣೋ. ಆಮೇಲೆ ಹಾಕಿದ್ದು ನಾನೇ. ಗಿರಾಕಿ ಬಿಟ್ಟುಹೋದ ಒಂದು ರೇಡಿಯೋ ಇತ್ತು. ಅದರಿಂದ ಬಿಚ್ಚಿದ ಐದಿಂಚಿನ ಪೇಪರ್ ಕೋನ್, ಎಂಟು ಓಮ್. ನೀನು ಹುಡುಕ್ತಿರೋದು ಅದನ್ನೇ.”

ಸುಮ್ನೆ ಕೂತುಬಿಟ್ಟೆ. ಇಷ್ಟು ವರ್ಷ ನಾನು ಜಪಾನಿನ ಸದ್ದು ಅಂದುಕೊಂಡಿದ್ದು ಯಾರದೋ ಮನೆಯ ರೇಡಿಯೋ ಸದ್ದು!

“ವ್ಯಾಟ್ ನೋಡಬೇಡ, ಮ್ಯಾಗ್ನೆಟ್ ನೋಡು,” ಅಂತ ಸೇರಿಸಿದರು. ಈ ಮಾತಿನಲ್ಲಿ ಮಾವ ಅರ್ಧ ಸರಿ. ವ್ಯಾಟ್ ನೋಡಬಾರದು, ನಿಜ. ಆದರೆ ದೊಡ್ಡ ಮ್ಯಾಗ್ನೆಟ್ ಇದ್ದ ಮಾತ್ರಕ್ಕೆ ಸದ್ದು ಜೋರಾಗಬೇಕು ಅಂತೇನಿಲ್ಲ. ಕೋನ್ ಭಾರವಾಗಿದ್ದರೆ ಆ ಮ್ಯಾಗ್ನೆಟ್ಟಿನ ಶಕ್ತಿ ಅದನ್ನು ಅಲ್ಲಾಡಿಸುವುದಕ್ಕೇ ಹೋಗುತ್ತದೆ.

ನಿಜವಾಗಿ ನೋಡಬೇಕಾದ್ದು ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಬರುತ್ತದೆ ಅನ್ನುವ ಲೆಕ್ಕ ಅದು. ಸುಮಾರಾದ ಸ್ಪೀಕರ್ 85, 86 ಕೊಡುತ್ತದೆ. ಚೆನ್ನಾಗಿದ್ದರೆ 90. ಈ ನಾಲ್ಕೈದು ಡೆಸಿಬೆಲ್ ಚಿಲ್ಲರೆ ಅನ್ನಿಸಬಹುದು. ಆದರೆ 3 ಡೆಸಿಬೆಲ್ ಜಾಸ್ತಿ ಬೇಕೆಂದರೆ ಆಂಪ್ಲಿಫೈಯರ್ ಎರಡು ಪಟ್ಟು ವ್ಯಾಟ್ ಕೊಡಬೇಕು. ಇನ್ನೊಂದು ವಿಷಯ, ನಾವು ನಿಲ್ಲುವುದು ಒಂದು ಮೀಟರ್ ದೂರದಲ್ಲಲ್ಲ. ಕಿವಿಗೂ ಸ್ಪೀಕರಿಗೂ ಹೆಚ್ಚೆಂದರೆ ಅರ್ಧ ಮೀಟರ್. ದೂರ ಅರ್ಧವಾದರೆ 6 ಡೆಸಿಬೆಲ್ ಪುಕ್ಕಟೆ ಸಿಗುತ್ತದೆ. ಅಂದರೆ 90ರ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟರೂ ಕಿವಿಯ ಹತ್ತಿರ 96 ಡೆಸಿಬೆಲ್. ಮನೆಯಲ್ಲಿ ಅಷ್ಟು ಜೋರಾಗಿ ಹತ್ತು ನಿಮಿಷ ಆಡಿದರೆ ಯಾರಾದರೂ ಬಂದು ಪ್ಲಗ್ ಕೀಳುತ್ತಾರೆ. ನಮ್ಮ ಆಟಕ್ಕೆ ಬೇಕಾಗುವುದು ವ್ಯಾಟಿನ ಒಂದು ಚೂರು.

ಇಷ್ಟು ತಲೆಗೆ ಹಾಕಿಕೊಂಡು ಶನಿವಾರ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಎಲೆಕ್ಟ್ರಾನಿಕ್ಸ್ ಅಂದರೆ ಎಲ್ಲರೂ ಎಸ್.ಪಿ. ರಸ್ತೆ ಅನ್ನುತ್ತಾರೆ, ಅಲ್ಲಿಗೂ ಆಮೇಲೆ ಹೋದೆ. ಆದರೆ ಸ್ಪೀಕರ್ ಮಟ್ಟಿಗೆ ಕಾರಿನ ಸಾಮಾನು ಮಾರುವ ಜಾಗವೇ ಸರಿ. ಕಾರಣವಿದೆ. ಕಾರಿನ ಸ್ಪೀಕರಿಗೆ ಡಬ್ಬಿ ಇರುವುದಿಲ್ಲ. ಬಾಗಿಲಿನ ತಗಡಿಗೆ ಹಾಗೇ ಬಿಗಿಯುತ್ತಾರೆ. ಹಿಂದೆ ಎಷ್ಟು ಜಾಗ ಇದೆಯೋ, ಎಲ್ಲಿ ಸಂದು ಇದೆಯೋ ಅದಕ್ಕೆ ಗೊತ್ತಿಲ್ಲ. ಅಂಥ ಬದುಕಿಗೆ ಒಗ್ಗುವ ಹಾಗೆ ಅದರ ಕೋನಿನ ಹಿಡಿತ ಮಾಡಿರುತ್ತಾರೆ. ಆರ್ಕೇಡ್ ಪೆಟ್ಟಿಗೆ ಎಂದರೂ ಒಂದು ದೊಡ್ಡ ಕಾರಿನ ಬಾಗಿಲೇ. ನನ್ನ ಪೆಟ್ಟಿಗೆಯ ಒಳಗೆ ಬೇಕಾದಷ್ಟು ಗಾಳಿ ಇದೆ, ಹಿಂದೆ ಫ್ಯಾನಿಗೆ ತೂತೂ ಇದೆ.

ಹೊರಡುವ ಮುಂಚೆ ಒಂದು ಒಳ್ಳೆಯ ಕೆಲಸ ಮಾಡಿದ್ದೆ. ಚಪ್ಪಲಿ ಡಬ್ಬಿಯ ರಟ್ಟನ್ನು ಹಲಗೆಯ ಅಳತೆಗೇ ಕತ್ತರಿಸಿ ಚೀಲಕ್ಕೆ ಹಾಕಿಕೊಂಡಿದ್ದೆ. 15 ಸೆಂ.ಮೀ. ಅಗಲ, ಅರ್ಧ ಉದ್ದ. ಹಿಂದೆ ಎಷ್ಟು ಆಳ ಇದೆ ಅಂತ ಅದರ ಮೇಲೇ ಬರೆದಿದ್ದೆ: 9 ಸೆಂ.ಮೀ. ಅದಕ್ಕಿಂತ ಒಳಗೆ ಹೋದರೆ ಬೋರ್ಡಿನ ಎಲ್‌ಇಡಿ ಪಟ್ಟಿಗೆ ತಗುಲುತ್ತದೆ.

“ಯಾವ ಗಾಡಿ ಸರ್?”

“ಗಾಡಿ ಅಲ್ಲ. ಮರದ ಪೆಟ್ಟಿಗೆ.”

“ಆಟೋನಾ?”

ವಿವರಿಸಿದೆ. ಅಂಗಡಿಯ ಹುಡುಗನಿಗೆ ಆಸಕ್ತಿ ಬಂತು, ಆದರೆ ಕೈ ಮಾತ್ರ ಅಭ್ಯಾಸದಂತೆ 6 ಬೈ 9 ಕಡೆಗೇ ಹೋಯಿತು. ಅದು ಮೊಟ್ಟೆ ಆಕಾರದ ದೊಡ್ಡ ಸ್ಪೀಕರ್. “ಬೇಸ್ ಸೂಪರ್ ಸರ್, ಮುನ್ನೂರು ವ್ಯಾಟ್.” ಅದನ್ನು ನನ್ನ ರಟ್ಟಿನ ಮೇಲೆ ಇಟ್ಟೆ. ಎರಡೂ ಕಡೆ ಅಂಚು ಹೊರಗೆ ಬಂತು. ಆಸೆ ಅಲ್ಲಿಗೇ ಮುಗಿಯಿತು. ರಟ್ಟು ಇಲ್ಲದಿದ್ದರೆ ಖಂಡಿತ ಅದನ್ನೇ ಕೊಂಡು ಬರುತ್ತಿದ್ದೆ, ಅಷ್ಟು ಚೆನ್ನಾಗಿ ಕೇಳಿಸಿತ್ತು.

ಆ ಮುನ್ನೂರು ವ್ಯಾಟ್ ಬಗ್ಗೆ ಒಂದು ಮಾತು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಒಂದು ಕ್ಷಣಕ್ಕೆ ತಡೆದುಕೊಳ್ಳಬಲ್ಲ ಗರಿಷ್ಠ ಅಂಕಿ. ಕೆಲವು ಆಂಪ್ಲಿಫೈಯರ್‌ಗಳ ಮೇಲೆ ಪಿಎಂಪಿಒ ಅಂತ ಬರೆದು ಸಾವಿರ ಗಟ್ಟಲೆ ಹೇಳುತ್ತಾರೆ, ಅದಂತೂ ಸುಮ್ನೆ ಓದಿ ನಗುವುದಕ್ಕೆ. ಚಿಕ್ಕ ಅಕ್ಷರದಲ್ಲಿ ಆರ್‌ಎಂಎಸ್ ಅಂತ ಇರುವುದನ್ನು ಹುಡುಕಿ, ಸತತವಾಗಿ ತಡೆದುಕೊಳ್ಳುವ ಅಂಕಿ ಅದು. ಆ ಮುನ್ನೂರರ ಹಿಂದೆ ಆರ್‌ಎಂಎಸ್ 45 ಇತ್ತು.

ಉಳಿದದ್ದು ಎರಡು. ಒಂದು ನಾಲ್ಕಿಂಚಿನ ಕೋಆಕ್ಸಿಯಲ್, ಅಂದರೆ ಕೋನಿನ ನಡುವೆ ಕಂಬದ ಮೇಲೆ ಪುಟ್ಟ ಟ್ವೀಟರ್ (ಚೂಪು ಸ್ವರಕ್ಕೆಂದೇ ಇರುವ ಸ್ಪೀಕರ್) ಇರುವಂಥದ್ದು. ಇನ್ನೊಂದು ಐದಿಂಚಿನ ಡ್ಯುಯಲ್ ಕೋನ್. ಅದರಲ್ಲಿ ಟ್ವೀಟರ್ ಇಲ್ಲ. ದೊಡ್ಡ ಪೇಪರ್ ಕೋನಿನ ನಡುವೆ ಇನ್ನೊಂದು ಚಿಕ್ಕ ಪೇಪರ್ ಕೋನ್ ಅಂಟಿಸಿರುತ್ತಾರೆ, ಅಷ್ಟೇ. ಕಡಿಮೆ ಬೆಲೆಯ ಮಾಲು. ಹುಡುಗ ಅದನ್ನು ತೋರಿಸುವುದಕ್ಕೇ ಹಿಂಜರಿದ. “ಕಂಪನಿ ಫಿಟ್ಟಿಂಗ್ ಥರಾ ಇರತ್ತೆ ಸರ್.”

ಫೋನಿನಲ್ಲಿ ನಾಲ್ಕು ಸದ್ದು ರೆಕಾರ್ಡ್ ಮಾಡಿಕೊಂಡು ಹೋಗಿದ್ದೆ. ಪ್ಯಾಕ್‌ಮ್ಯಾನಿನ ಸೈರನ್, ಸ್ಪೇಸ್ ಇನ್ವೇಡರ್ಸಿನ ಡುಂ-ಡುಂ-ಡುಂ-ಡುಂ, ಸ್ಟ್ರೀಟ್ ಫೈಟರಿನ ‘ಹಡೋಕೆನ್’ ಕೂಗು, ಮುಸ್ತಫಾ ಮೊದಲ ಸ್ಟೇಜ್. ಅಂಗಡಿಯಲ್ಲಿ ಅವರು ಹಾಕುವ ಸಿನಿಮಾ ಹಾಡಿನಲ್ಲಿ ಎಲ್ಲ ಸ್ಪೀಕರೂ ಚೆನ್ನಾಗಿಯೇ ಕೇಳಿಸುತ್ತವೆ. ನಾವು ಏನು ಆಡಿಸುತ್ತೇವೋ ಅದನ್ನೇ ಹಾಕಿ ಕೇಳಬೇಕು.

ಹಾಡಿನಲ್ಲಿ ಕೋಆಕ್ಸಿಯಲ್ ಗೆದ್ದಿತು, ಅನುಮಾನವೇ ಇಲ್ಲ. ಪ್ಯಾಕ್‌ಮ್ಯಾನ್ ಹಾಕಿದಾಗ ಅದೇ ಸ್ಪೀಕರ್ ಕಿವಿಗೆ ಸೂಜಿ ಚುಚ್ಚಿತು. 1980ರ ಆ ಆಟದ ಸದ್ದು ಹುಟ್ಟುವುದು ಮೂರೇ ಮೂರು ದನಿಯಿಂದ. ಪ್ರತಿ ದನಿಯೂ ನಾಲ್ಕು ಬಿಟ್ಟಿನ ಪುಟ್ಟ ಅಲೆ, ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. ಆ ಮೆಟ್ಟಿಲಿನ ಚೂಪಾದ ಅಂಚೆಲ್ಲ ಟ್ವೀಟರಿನಲ್ಲಿ ಎದ್ದು ಕೇಳುತ್ತದೆ. ಪೇಪರ್ ಕೋನ್ ಆ ಅಂಚನ್ನು ತಾನೇ ಸವೆಸಿಬಿಡುತ್ತದೆ.

ಹಡೋಕೆನ್ ಕಥೆ ಇನ್ನೂ ಮಜವಾಗಿದೆ. ಸ್ಟ್ರೀಟ್ ಫೈಟರ್ 2, 1991ರದು. ಅದರಲ್ಲಿ ಸಂಗೀತಕ್ಕೆ ಯಮಾಹಾದ ವೈಎಂ2151 ಚಿಪ್. ಕಿರುಚಾಟ, ಒದೆತ, ಮಾತು ಇವಕ್ಕೆ ಓಕಿ ಕಂಪನಿಯ 6295 ಚಿಪ್. ಈ ಎರಡನೆಯದು ಸೆಕೆಂಡಿಗೆ ಸುಮಾರು 7,500 ಸಲ ಮಾತ್ರ ಸ್ಯಾಂಪಲ್ ಆಡಿಸುತ್ತದೆ. ಅದರ ಅರ್ಧ ಲೆಕ್ಕ ಹಾಕಿ. ಸುಮಾರು 3,750 ಹರ್ಟ್ಸ್ ದಾಟಿದ ಮೇಲೆ ಆ ಕೂಗಿನಲ್ಲಿ ಏನೂ ಇಲ್ಲ. ನಮ್ಮ ಹಳೆಯ ಲ್ಯಾಂಡ್‌ಲೈನ್ ಫೋನಿನ ದನಿಗಿಂತ ತುಸುವಷ್ಟೇ ಮೇಲು. ಟ್ವೀಟರ್ ಕೆಲಸ ಶುರು ಮಾಡುವ ಹೊತ್ತಿಗೆ ಹಡೋಕೆನ್ ಮುಗಿದೇ ಹೋಗಿರುತ್ತದೆ. ಇನ್ನು ಆ ಟ್ವೀಟರಿಗೆ ನಾನು ಯಾಕೆ ದುಡ್ಡು ಕೊಡಲಿ?

ಐದಿಂಚಿನ ಡ್ಯುಯಲ್ ಕೋನ್ ರಟ್ಟಿನ ಮೇಲೆ ಸರಿಯಾಗಿ ಕೂತಿತು. ಸೆನ್ಸಿಟಿವಿಟಿ 90. ಆಳ 5 ಸೆಂ.ಮೀ. 4 ಓಮ್. ಜೋಡಿಗೆ 850 ರೂಪಾಯಿ ಕೊಟ್ಟೆ. ಹುಡುಗನಿಗೆ ಸ್ವಲ್ಪ ಬೇಜಾರಾಯಿತು ಅನ್ನಿಸುತ್ತದೆ.

ಹಳೆಯ ಸಿಆರ್‌ಟಿ ಟಿವಿ ಹಾಕಿ ಪೆಟ್ಟಿಗೆ ಕಟ್ಟುವವರಿಗೆ ಇಲ್ಲೊಂದು ಎಚ್ಚರಿಕೆ. ಕಾರಿನ ಸ್ಪೀಕರಿನ ಮ್ಯಾಗ್ನೆಟ್‌ಗೆ ಮುಚ್ಚಳ ಇರುವುದಿಲ್ಲ. ಪಿಕ್ಚರ್ ಟ್ಯೂಬಿನ ಹತ್ತಿರ ಇಟ್ಟರೆ ಪರದೆಯ ಮೂಲೆಯಲ್ಲಿ ಹಸಿರು, ನೇರಳೆ ಕಲೆ ಬರುತ್ತದೆ. ಅವರು ಶೀಲ್ಡ್ ಇರುವ ಸ್ಪೀಕರನ್ನೇ ಹುಡುಕಬೇಕು. ಹಳೆಯ ಟಿವಿಯ ಒಳಗಿನ ಸ್ಪೀಕರೇ ಸಿಕ್ಕರೆ ಇನ್ನೂ ಸುಲಭ. ಎಲ್‌ಸಿಡಿಗೆ ಈ ತಲೆನೋವಿಲ್ಲ.

ಹೊಸ ಹಲಗೆ ಬೇಕಾಯಿತು. ಹಳೆಯದರ ತೂತು ಅಂಚಿಗೆ ಅಂಟಿಕೊಂಡಿತ್ತಲ್ಲ, ಅದನ್ನು ದೊಡ್ಡದು ಮಾಡಿದರೆ ಅಂಚೇ ಕಿತ್ತುಹೋಗುತ್ತಿತ್ತು. ಈ ಸಲ ಸ್ಪೀಕರ್ ಕೈಯಲ್ಲಿ ಹಿಡಿದು ಅಳೆದೆ. ನನ್ನದರ ತೂತು 116 ಮಿ.ಮೀ. ಒಂದೊಂದು ಕಂಪನಿಯದು ಒಂದೊಂದು ಥರ, ಹಾಗಾಗಿ ನನ್ನ ಅಂಕಿ ನಂಬಬೇಡಿ. ಕಾಂಪಾಸಿನಲ್ಲಿ ಗೆರೆ ಎಳೆದು, ಡ್ರಿಲ್ಲಿನಲ್ಲಿ ಒಂದು ತೂತು ಮಾಡಿ, ಜಿಗ್‌ಸಾ ಅದರೊಳಗೆ ಇಳಿಸಿ ನಿಧಾನಕ್ಕೆ ಸುತ್ತಿಸಿದೆ. ಪ್ಲೈ ಸಿಪ್ಪೆ ಏಳದ ಹಾಗೆ ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿದ್ದೆ. ಅಂಚು ಡೊಂಕಾದರೂ ಚಿಂತೆಯಿಲ್ಲ, ಸ್ಪೀಕರಿನ ರಿಂಗ್ ಮುಚ್ಚಿಕೊಳ್ಳುತ್ತದೆ.

ಸ್ಪೀಕರಿಗೂ ಹಲಗೆಗೂ ನಡುವೆ ಬಾಗಿಲಿನ ಸಂದಿಗೆ ಅಂಟಿಸುವ ಫೋಮ್ ಟೇಪ್ ಸುತ್ತಿದೆ. ಹಲಗೆಗೂ ಪಕ್ಕದ ಗೋಡೆಗೂ ನಡುವಿನ ಸಂದಿಗೂ ಅದೇ. ಹತ್ತು ರೂಪಾಯಿನ ಈ ಟೇಪಿನಿಂದ ಬಂದ ಬೇಸ್ ಯಾವ ಮುನ್ನೂರು ವ್ಯಾಟಿನಿಂದಲೂ ಬರುತ್ತಿರಲಿಲ್ಲ. ಹಿಂದಿನ ಅಲೆ ಮುಂದೆ ಬರುವ ದಾರಿ ಮುಚ್ಚಿತು ನೋಡಿ.

ಮುಂದಿನ ಜಾಲರಿಗೆ ಹಾರ್ಡ್‌ವೇರ್ ಅಂಗಡಿಯ ತೂತು ತಗಡು, ಕಪ್ಪು ಸ್ಪ್ರೇ. ಅದರ ಬಗ್ಗೆ ಹೇಳುವುದೇನಿಲ್ಲ.

ಇನ್ನು ಆಂಪ್ಲಿಫೈಯರ್. ಮೊದಲು ಹಾಕಿದ್ದು ಪಿಎಎಂ8403, ಹೆಬ್ಬೆರಳಷ್ಟು ಬೋರ್ಡು, 5 ವೋಲ್ಟಿನಲ್ಲಿ ಎರಡು ಕಡೆಗೂ ಮೂರು ಮೂರು ವ್ಯಾಟ್. ಲೆಕ್ಕದ ಪ್ರಕಾರ ಸಾಕಾಗಬೇಕು, ಸಾಕೂ ಆಯಿತು. ಆದರೆ ಪೈಗೆ ಕೊಟ್ಟ ಅದೇ 5 ವೋಲ್ಟಿನಿಂದ ಅದಕ್ಕೂ ಕೊಟ್ಟಿದ್ದೆ. ಆಟ ಶುರುವಾದ ಕೂಡಲೇ ಹಿಂದೆ ಒಂದು ಸಣ್ಣ ಕೀರಲು. ಪರದೆ ಸರಿದಂತೆ ಕೀರಲೂ ಏರುತ್ತಿತ್ತು, ಇಳಿಯುತ್ತಿತ್ತು. ಪ್ರೊಸೆಸರ್ ಕೆಲಸ ಮಾಡುವುದು ಕಿವಿಗೆ ಕೇಳುತ್ತಿತ್ತು.

ಎಸ್.ಪಿ. ರಸ್ತೆಗೆ ಹೋಗಿ ಟಿಪಿಎ3110 ಬೋರ್ಡು ತಂದೆ. ಇದು 12 ವೋಲ್ಟಿನಲ್ಲಿ ನಡೆಯುತ್ತದೆ. ಎಲ್‌ಇಡಿ ಪಟ್ಟಿಗೆ 12 ವೋಲ್ಟಿನ ಎಸ್‌ಎಂಪಿಎಸ್ (ಪವರ್ ಸಪ್ಲೈ) ಹೇಗೂ ಇತ್ತು. 12 ವೋಲ್ಟಿಗೆ, 4 ಓಮಿಗೆ ಈ ಥರದ ಬೋರ್ಡಿನಿಂದ ತಾತ್ವಿಕವಾಗಿ ಸದ್ದು ಒಡೆಯದೆ ಬರುವುದು ಹೆಚ್ಚೆಂದರೆ 18 ವ್ಯಾಟ್. 8 ಓಮಾದರೆ 9. ಬೋರ್ಡಿನ ಜಾಹೀರಾತಿನಲ್ಲಿ ಎಷ್ಟೇ ಬರೆದಿರಲಿ, 12 ವೋಲ್ಟ್ ಕೊಟ್ಟು ಶುದ್ಧವಾಗಿ ಅದಕ್ಕಿಂತ ಜಾಸ್ತಿ ಹಿಂಡಲು ಆಗುವುದಿಲ್ಲ. ನಮಗೆ ಬೇಕಾದ್ದಕ್ಕಿಂತ ಇದೇ ಎಷ್ಟೋ ಹೆಚ್ಚು.

ಇಲ್ಲೇ ನನ್ನ ದೊಡ್ಡ ಪೆದ್ದುತನ. ಎರಡು ಸ್ಪೀಕರಿಗೂ ಮೈನಸ್ ಒಂದೇ ಅಲ್ವಾ ಅಂತ, ವೈರ್ ಉಳಿಸಲು ಎರಡೂ ಮೈನಸ್ಸನ್ನು ಒಂದೇ ತಂತಿಗೆ ಬೆಸೆದೆ. ಪ್ಯಾಕ್‌ಮ್ಯಾನ್ ಹಾಕಿದೆ, ಸೊಗಸಾಗಿ ಬಂತು. ಗ್ಯಾಲಗಾ, ಅದೂ ಸರಿ. ಮುಸ್ತಫಾ ಹಾಕಿದೆ. ಸದ್ದು ಕತ್ತು ಹಿಸುಕಿದ ಹಾಗೆ ಬಂತು, ಬಿಟ್ಟು ಬಿಟ್ಟು ಬಂತು. ಬೋರ್ಡು ಮುಟ್ಟಿದರೆ ಸುಡುತ್ತಿತ್ತು. ಓಡಿಹೋಗಿ ಸ್ವಿಚ್ ಆರಿಸಿದೆ.

ಆಟದ ಫೈಲೇ ಹಾಳಾಗಿದೆ ಅಂದುಕೊಂಡು ಒಂದು ಸಂಜೆ ಅದನ್ನೇ ಕೆದಕಿದೆ. ಆಮೇಲೆ ಹೊಳೆಯಿತು. ಈ ಚಿಪ್ಪುಗಳಲ್ಲಿ ಸ್ಪೀಕರಿನ ಮೈನಸ್ ಅನ್ನುವುದು ಗ್ರೌಂಡ್ (ಎಲ್ಲಕ್ಕೂ ಒಂದೇ ಆದ ಸೊನ್ನೆ ವೋಲ್ಟಿನ ತಂತಿ) ಅಲ್ಲ. ಅದೂ ಒಂದು ಔಟ್‌ಪುಟ್. ಪ್ಲಸ್ ಮೇಲೆ ಹೋದಾಗ ಅದು ಕೆಳಗೆ ಹೋಗುತ್ತದೆ. ಹಗ್ಗ ಜಗ್ಗಾಟದ ಹಾಗೆ ಎರಡೂ ತುದಿಯನ್ನು ಚಿಪ್ಪೇ ಎಳೆಯುತ್ತದೆ. ಪ್ಯಾಕ್‌ಮ್ಯಾನ್, ಗ್ಯಾಲಗಾ ಎರಡೂ ಮೊನೊ. ಎಡಕ್ಕೂ ಬಲಕ್ಕೂ ಒಂದೇ ಸದ್ದು, ಎರಡು ಮೈನಸ್ಸೂ ಒಟ್ಟಿಗೆ ಕುಣಿಯುತ್ತವೆ. ಬೆಸೆದರೂ ಜಗಳವಿಲ್ಲ. ಆದರೆ ಮುಸ್ತಫಾ ಕ್ಯೂಸೌಂಡ್ ಅನ್ನುವ ಸದ್ದಿನ ತಂತ್ರ ಇರುವ ಸ್ಟೀರಿಯೋ ಆಟ, ಎಡಬಲಕ್ಕೆ ಬೇರೆ ಬೇರೆ ಸದ್ದು. ಎಡ ಒಂದು ಕಡೆ ಎಳೆದರೆ ಬಲ ಇನ್ನೊಂದು ಕಡೆ ಎಳೆಯುತ್ತದೆ. ನಡುವೆ ನನ್ನ ಬೆಸುಗೆ. ಪುಣ್ಯಕ್ಕೆ ಬೋರ್ಡು ಉಳಿಯಿತು. ಈಗ ಒಂದೊಂದು ಸ್ಪೀಕರಿಗೂ ಬೇರೆ ಬೇರೆ ಜೋಡಿ ತಂತಿ.

ಮಾವನಿಗೆ ಹೇಳಿದರೆ, “4440ರಲ್ಲಿ ಸ್ಟೀರಿಯೋ ಕಟ್ಟಿದ್ರೆ ಮೈನಸ್ ಗ್ರೌಂಡಿಗೇ ಕಣೋ, ಏನೂ ಆಗ್ತಿರಲಿಲ್ಲ. ಬ್ರಿಡ್ಜ್ ಮಾಡಿದ್ರೆ ಮಾತ್ರ ಹೀಗೆ,” ಅಂದರು. ಸಮಾಧಾನ ಹೇಳಿದರೋ, ಹೊಸ ಕಾಲದ ಚಿಪ್ಪನ್ನು ಬೈದರೋ ಗೊತ್ತಾಗಲಿಲ್ಲ.

ಕೀರಲು ಹೊಸ ಬೋರ್ಡಿನಲ್ಲೂ ಪೂರ್ತಿ ಹೋಗಿರಲಿಲ್ಲ. ಎರಡು ಕಾರಣ ಸಿಕ್ಕವು. ಮೊದಲನೆಯದು, ಪೈ 4ರ ಹೆಡ್‌ಫೋನ್ ತೂತಿನಿಂದ ಬರುವ ಸದ್ದೇ ಅಷ್ಟು ಶುದ್ಧವಲ್ಲ. ಇನ್ನೂರು ರೂಪಾಯಿನ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಸಿಕ್ಕಿಸಿ, ಸೆಟ್ಟಿಂಗಿನಲ್ಲಿ ಅದನ್ನೇ ಮುಖ್ಯ ಕಾರ್ಡ್ ಮಾಡಿದೆ. ಅರ್ಧ ಕೀರಲು ಹೋಯಿತು. ಎರಡನೆಯದು, ಗ್ರೌಂಡಿನ ಸುತ್ತು. ಒಂದೇ ಎಸ್‌ಎಂಪಿಎಸ್‌ನಿಂದ ಆಂಪ್ಲಿಫೈಯರಿಗೆ 12 ವೋಲ್ಟ್, ಅಲ್ಲಿಂದಲೇ ಇಳಿಸಿ ಪೈಗೆ 5 ವೋಲ್ಟ್. ಹೀಗಾಗಿ ಪೈಗೂ ಆಂಪ್ಲಿಫೈಯರಿಗೂ ಪವರ್ ತಂತಿಯಲ್ಲಿ ಒಂದು ಗ್ರೌಂಡ್, ಆಡಿಯೋ ತಂತಿಯಲ್ಲಿ ಇನ್ನೊಂದು. ಪೈನ ಕರೆಂಟಿನ ಒಂದು ಪಾಲು ಆಡಿಯೋ ಗ್ರೌಂಡಿನ ಮೂಲಕ ಮನೆಗೆ ಹೋಗುತ್ತದೆ, ಹೋಗುವಾಗ ಹಾಡಿಕೊಂಡು ಹೋಗುತ್ತದೆ.

ಗುಣವಾಗಲು ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದೆ. ಕಾರ್ ಸ್ಟೀರಿಯೋಗೆ ಮಾರುವ ಪುಟ್ಟ ಡಬ್ಬಿ, ಒಳಗೆ ಎರಡು ಚಿಕ್ಕ ಟ್ರಾನ್ಸ್‌ಫಾರ್ಮರ್. ತಂತಿಯ ನೇರ ಸಂಬಂಧ ಕಡಿದು ಸದ್ದನ್ನು ಮಾತ್ರ ದಾಟಿಸುತ್ತದೆ. ಕೀರಲು ಪೂರ್ತಿ ಸತ್ತಿತು. ಅಗ್ಗದ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಬೇಸ್ ನುಂಗುತ್ತದೆ, ಗಮನವಿಟ್ಟು ಕೇಳಿದರೆ ಗೊತ್ತಾಗುತ್ತದೆ. ಪೈಗೆ ಬೇರೆಯೇ ಅಡಾಪ್ಟರ್ ಕೊಟ್ಟಿದ್ದರೆ ಇದು ಬೇಕಾಗುತ್ತಲೇ ಇರಲಿಲ್ಲವೇನೋ. ಆದರೆ ಪೆಟ್ಟಿಗೆಯಿಂದ ಒಂದೇ ಪ್ಲಗ್ ಹೊರಗೆ ಬರಬೇಕು ಅನ್ನುವ ಹಟ ನನ್ನದು.

ವಾಲ್ಯೂಮಿಗೆ ನಿಜವಾದ ನಾಬ್ ಬೇಕೇ ಬೇಕು. ಒಂದು ಆಟ ಪಿಸುಗುಟ್ಟುತ್ತದೆ, ಮುಂದಿನದು ಅರಚುತ್ತದೆ. ಮೆನುವಿನಲ್ಲಿ ಹುಡುಕುತ್ತ ಕೂರಲು ಆಗುವುದಿಲ್ಲ. ಕಂಟ್ರೋಲ್ ಪ್ಯಾನೆಲ್ ಕೆಳಗೆ, ಬೆರಳಿಗೆ ಸಿಗುವ ಹಾಗೆ 10ಕೆ ಡಬಲ್ ಪಾಟ್ (ನಾಬಿನ ಕೆಳಗೆ ತಿರುಗುವ ರೆಸಿಸ್ಟರ್) ಹಾಕಿದೆ. ಮೊದಲು ತಂದದ್ದು ಬಿ10ಕೆ. ಕಾಲು ಸುತ್ತಿಗೇ ಪೂರ್ತಿ ಜೋರು, ಆಮೇಲೆ ತಿರುಗಿಸಿದರೂ ಬದಲಾವಣೆಯೇ ಇಲ್ಲ. ಬಿ ಅಂದರೆ ಲೀನಿಯರ್. ಕಿವಿಗೆ ಬೇಕಾದ್ದು ಲಾಗ್, ಅಂದರೆ ಎ10ಕೆ. ನಲವತ್ತು ರೂಪಾಯಿನ ಪಾಟಿಗೆ ಚಿಕ್ಕಪೇಟೆಗೆ ಮತ್ತೊಂದು ಮೆಟ್ರೋ ಸವಾರಿ.

ಎಲ್ಲ ಸೇರಿಸಿ ಆಡಿಸಿದಾಗ ಬೇಸ್ ಇಲ್ಲ! ಫೋಮ್ ಟೇಪ್ ಸುತ್ತಿದ ದಿನ ಒಂದೇ ಸ್ಪೀಕರ್ ಹಾಕಿ ಕೇಳಿದ್ದೆ, ಆಗ ಇತ್ತು. ಎರಡೂ ಸೇರಿದರೆ ಇಲ್ಲ. ಇದನ್ನು ಹಿಡಿಯಲು ಮಾತ್ರ ಮಾವನ ಹಳೆಯ ಉಪಾಯ ಸಾಕಾಯಿತು. ಗಡಿಯಾರದ 1.5 ವೋಲ್ಟ್ ಸೆಲ್ ತೆಗೆದು, ಆಂಪ್ಲಿಫೈಯರಿನಿಂದ ತಂತಿ ಬಿಡಿಸಿ, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಒಂದು ಕ್ಷಣ ಮುಟ್ಟಿಸುವುದು. ಕೋನ್ ಹೊರಗೆ ಬರಬೇಕು. ಎಡದ್ದು ಹೊರಗೆ ಬಂತು. ಬಲದ್ದು ಒಳಗೆ ಹೋಯಿತು. ಮತ್ತೆ ಬೆಸೆಯುವಾಗ ಒಂದರ ತಂತಿ ಅದಲು ಬದಲು ಮಾಡಿದ್ದೆ. ಒಂದು ಗಾಳಿ ಒತ್ತಿದರೆ ಇನ್ನೊಂದು ಎಳೆಯುತ್ತಿತ್ತು. ಮೊನೊ ಆಟಗಳಲ್ಲಿ ಈ ತಪ್ಪು ಇನ್ನೂ ಜೋರಾಗಿ ಕಾಣುತ್ತದೆ. ತಂತಿ ತಿರುಗಿಸಿದೆ. ಸ್ಪೇಸ್ ಇನ್ವೇಡರ್ಸಿನ ಡುಂ-ಡುಂ ಎದೆಗೆ ಬಂತು.

ಅಷ್ಟಕ್ಕೇ ತೃಪ್ತಿ ಪಡಬೇಕಿತ್ತು. ಪಡಲಿಲ್ಲ. ಹಳೆಯ 2.1 ಸೆಟ್ಟಿನ ವೂಫರ್ ಒಂದು ಅಟ್ಟದ ಮೇಲಿತ್ತು. ಅದನ್ನೂ ಪೆಟ್ಟಿಗೆಯ ತಳದಲ್ಲಿ ಇಟ್ಟು ಒಂದು ರಾತ್ರಿ ಆಡಿದೆ. ಡೈನೋಸಾರ್ ನಡೆದರೆ ನೆಲ ನಡುಗಿತು. ನಡುಗಿದ್ದು ನಮ್ಮ ನೆಲ ಮಾತ್ರವಲ್ಲ, ಕೆಳಗಿನ ಮನೆಯವರ ಸೀಲಿಂಗೂ. ಮರುದಿನ ಬೆಳಿಗ್ಗೆ ಹಾಲು ತರುವಾಗ ಕೆಳಗಿನ ಮನೆಯ ಆಂಟಿ ನಗುತ್ತಲೇ ಕೇಳಿದರು, “ರಾತ್ರಿ ಮಿಕ್ಸಿ ಓಡಿಸ್ತಿದ್ರೇನಪ್ಪಾ?” ವೂಫರ್ ಮತ್ತೆ ಅಟ್ಟಕ್ಕೆ ಹೋಯಿತು. ಅದಿಲ್ಲದೆ ಕಳೆದುಕೊಂಡದ್ದೂ ಏನಿಲ್ಲ. ಹಳೆಯ ಆಟದ ಬೋರ್ಡುಗಳ 56 ಪಿನ್ನಿನ ಜಾಮಾ ಕನೆಕ್ಟರಿನಲ್ಲಿ ಸ್ಪೀಕರಿಗೆ ಇದ್ದದ್ದೇ ಎರಡು ಪಿನ್, ಒಂದು ಪ್ಲಸ್ ಒಂದು ಮೈನಸ್. ಮುಸ್ತಫಾದಂಥ ಕೆಲವು ಬಿಟ್ಟರೆ, ಒಂದೇ ಸ್ಪೀಕರಿಗಾಗಿ ಮಾಡಿದ ಸದ್ದು ಅದು.

ಕೊನೆಗೆ ಉಳಿದದ್ದು ಒಂದು ಝರ್ರ್. ಸ್ಟ್ರೀಟ್ ಫೈಟರಿನ ಗೈಲ್ ಸ್ಟೇಜಿನಲ್ಲಿ ಮಾತ್ರ ಬರುತ್ತಿತ್ತು. ಸ್ಪೀಕರ್ ಹರಿದಿದೆ ಅಂತ ಗಾಬರಿಯಾಯಿತು. ಕೈಯಿಂದ ಒಂದೊಂದೇ ಜಾಗ ಒತ್ತಿ ಹಿಡಿಯುತ್ತ ಹೋದೆ. ಹಣೆಯ ಬೋರ್ಡಿನ ಅಕ್ರಿಲಿಕ್ ಒತ್ತಿದಾಗ ನಿಂತಿತು. ಅದರ ಅಂಚಿಗೂ ಅದೇ ಫೋಮ್ ಟೇಪ್.

ದಸರಾ ರಜೆಗೆ ಮಾವ ಬಂದಿದ್ದರು. ಆಡಲಿಲ್ಲ, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಕೇಳಿದರು. ಮೊದಲ ಸ್ಟೇಜ್ ಮುಗಿಯುವವರೆಗೂ ಮಾತಿಲ್ಲ. ಆಮೇಲೆ, “ನಾನು ಹಾಕಿದ್ದಕ್ಕಿಂತ ಸ್ವಲ್ಪ ಚೆನ್ನಾಗೇ ಇದೆ. ಹಾಗಾಗಿ ಅದಲ್ಲ,” ಅಂದರು. ಎದ್ದು ಹಿಂದಿನ ಬಾಗಿಲು ತೆಗೆದು ಟಾರ್ಚ್ ಬಿಟ್ಟು ನನ್ನ ಬೆಸುಗೆ ನೋಡಿದರು. ಎರಡು ಜಾಗ ಮತ್ತೆ ಬೆಸೆಯಬೇಕಂತೆ.

ಅದು ಇನ್ನೂ ಬಾಕಿ. ಹೆಡ್‌ಫೋನ್ ತೂತೂ ಬಾಕಿ. ಅದನ್ನು ಸ್ಪೀಕರ್ ತಂತಿಯಿಂದ ಎಳೆಯುವ ಹಾಗಿಲ್ಲ, ಮತ್ತೆ ಆ ಮೈನಸ್ ಗ್ರೌಂಡಿನ ಕಥೆ ಶುರುವಾಗುತ್ತದೆ. ಯುಎಸ್‌ಬಿ ಕಾರ್ಡಿನಿಂದಲೇ ಒಂದು ಕವಲು ತೆಗೆಯಬೇಕು. ಅಲ್ಲಿಯವರೆಗೆ, ರಾತ್ರಿ ಹತ್ತರ ಮೇಲೆ ನಾಬ್ ಕಾಲು ಸುತ್ತು ದಾಟುವ ಹಾಗಿಲ್ಲ.